ಮಣ್ಣಿನ ಸರದಿ ಕೊನೆಗೆ ಬಂತು

ವಡಗೇರಾ ಸೀಮೆಯ ರೈತರಿಗೆ ಮಣ್ಣು ಪರೀಕ್ಷೆ ಹೊಸದಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹತ್ತಾರು ಕಡೆ ಗುಂಡಿ ತೋಡಿ, ಗುಂಡಿಯ ಮೈಯಿಂದ ಆರಿಂಚು ಆಳದ ತನಕ ಮಣ್ಣು ಕೆರೆದುಕೊಳ್ಳುತ್ತಾರೆ. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲುತ್ತಾರೆ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ಚೀಟಿ ಹಚ್ಚಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್.

ಆರ್ಸೆನಿಕ್ ಇಲ್ಲ. ಕ್ರೋಮಿಯಂ ಇಲ್ಲ. ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಯಾವುದೂ ಇಲ್ಲ. ಅದು ಚೀಟಿಯ ತಪ್ಪಲ್ಲ. ಬೆಳೆಗೆ ಏನು ಕಡಿಮೆಯಾಗಿದೆ ಎಂದು ತಿಳಿಯುವುದು ಅದರ ಕೆಲಸ. ಈ ಮಣ್ಣಿನಲ್ಲಿ ಆಡುವ ಮಗುವಿಗೆ, ಇಲ್ಲಿಯ ಬೋರಿನ ನೀರು ಕುಡಿಯುವ ಬಾಣಂತಿಗೆ ಏನಾದೀತು ಎಂಬುದು ಬೇರೆಯೇ ಪ್ರಶ್ನೆ. ಯಾದಗಿರಿ ಜಿಲ್ಲೆಯಲ್ಲೇ ಆ ಪ್ರಶ್ನೆಗೆ ಒಮ್ಮೆ ಉತ್ತರ ಸಿಕ್ಕಿದೆ. ಸಿಕ್ಕ ಕ್ರಮ ಮಾತ್ರ ತಲೆಕೆಳಗಾಗಿತ್ತು.

ವಡಗೇರಾದಿಂದ ಪಡುವಣಕ್ಕೆ, ಶಹಾಪುರ ದಾಟಿದರೆ ಸುರಪುರ ತಾಲ್ಲೂಕು. ಅಲ್ಲಿಯ ಮಂಗಳೂರು ಎಂಬ ಊರಿನ ಹೆಸರಿನಲ್ಲೇ ಭೂವಿಜ್ಞಾನಿಗಳು ಒಂದು ಹಸಿರುಶಿಲೆಯ ಪಟ್ಟಿಯನ್ನು ಗುರುತಿಸಿದ್ದಾರೆ. ಹಟ್ಟಿ, ಕೋಲಾರಗಳ ಚಿನ್ನವೂ ಇಂಥ ಪ್ರಾಚೀನ ಶಿಲಾಪಟ್ಟಿಗಳಿಗೇ ಸೇರಿದ್ದು. ಮಂಗಳೂರಿನಲ್ಲೂ ಚಿನ್ನ ತೆಗೆದರು, ಆಮೇಲೆ ಗಣಿ ನಿಂತಿತು. ಅದೇ ಸೀಮೆಯ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾದ ಒರಟು ಚರ್ಮ ಕಾಣಿಸಿತು. ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳೆದ್ದವು. ಬಂಗಾಳದಲ್ಲಿ ಇಂಥ ಮೈಗಳನ್ನು ದಶಕಗಳ ಕಾಲ ನೋಡಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ, ವಿಜಯಪುರದ ವೈದ್ಯಕೀಯ ಸಂಶೋಧಕರು ಮತ್ತು ಇತರ ಸಂಗಡಿಗರೊಂದಿಗೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್ಕಿನ ಚರ್ಮದ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಎಲ್ಲರಲ್ಲೂ ಆರ್ಸೆನಿಕ್ ಸಾಮಾನ್ಯ ಮಟ್ಟಕ್ಕಿಂತ ಹೆಚ್ಚಿತ್ತು. 59 ಕೊಳವೆಬಾವಿಗಳ ನೀರಿನ ಮಾದರಿಗಳಲ್ಲಿ ಶೇ 79ರಷ್ಟು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿದ್ದವು. ಅತಿ ಕೆಟ್ಟ ಬಾವಿಯಲ್ಲಿ 303 ಮೈಕ್ರೋಗ್ರಾಂ ಇತ್ತು. ಇನ್ನು ಮೇಲ್ಮಣ್ಣಿನ 12 ಮಾದರಿಗಳ ಪೈಕಿ 6ರಲ್ಲಿ ಕಿಲೋಗೆ 2000 ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಸಿಕ್ಕಿತು. ಜಗತ್ತಿನ ಸಾಧಾರಣ ಮಣ್ಣಿನಲ್ಲಿ ಇರುವುದು ಐದು ಮಿಲಿಗ್ರಾಮಿನ ಆಸುಪಾಸು.

ಕ್ರಮವನ್ನು ಗಮನಿಸಿ. ಮೊದಲು ಜನರ ಚರ್ಮ ಹೇಳಿತು, ಕೂದಲು ಉಗುರು, ನೀರು, ಮಣ್ಣುಗಳ ಸರದಿ ಬಂದದ್ದು ಆಮೇಲೆ. ಗಣಿಯ ಕೆಲಸ ನಿಂತ ದಿನವೇ ಮಣ್ಣನ್ನು ಕೇಳಿದ್ದರೆ ಅದು ಅಂದೇ ಹೇಳುತ್ತಿತ್ತು. ಲೋಹದ ಕೆಲಸ ನಡೆದ ಜಾಗವನ್ನು, ಅದು ಗಣಿಯಾಗಲಿ ನಿಕ್ಕಲ್ ಪಾಲಿಶ್ ಅಂಗಡಿಯಾಗಲಿ, ಜನರ ಮೈಗಿಂತ ಮೊದಲು ಓದುವುದು ಹೇಗೆ ಎಂಬುದಕ್ಕೆ ಒಂದು ಶಾಸ್ತ್ರವೇ ಇದೆ. ಅದರ ಅರ್ಧ ಭಾಗಕ್ಕೆ ಯಂತ್ರವೇ ಬೇಡ.

ಆ ಅರ್ಧ ಭಾಗ ವಿಚಾರಣೆ. ಇಲ್ಲಿ ಯಾವ ಕೆಲಸ ನಡೆಯಿತು, ಎಷ್ಟು ವರ್ಷ ನಡೆಯಿತು, ಯಾವ ರಾಸಾಯನಿಕ ತರಿಸುತ್ತಿದ್ದರು, ಹೊಲಸು ನೀರು ಯಾವ ಕಡೆ ಹರಿಯುತ್ತಿತ್ತು? ಇದನ್ನು ಹೇಳಬಲ್ಲವರು ಅಲ್ಲಿ ದುಡಿದ ಮುದುಕರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಜಾಗವಾದರೆ ಅಲ್ಲಿ ತವರ, ನವಸಾಗರ, ಇದ್ದಿಲು ಇದ್ದಿರುತ್ತವೆ. ಹೆದರಬೇಕಾದ್ದು ಕಡಿಮೆ. ಕ್ರೋಮ್ ಲೇಪನದ ಘಟಕವಾದರೆ ಕಥೆ ಬೇರೆ. ಅಲ್ಲಿ ಕ್ರೋಮಿಕ್ ಆಮ್ಲದ ತೊಟ್ಟಿ, ನಿಕ್ಕಲ್ ದ್ರಾವಣ, ಸತು ಇಲ್ಲವೆ ತಾಮ್ರದ ಲೇಪನಕ್ಕೆ ಸಯನೈಡ್, ಜಿಡ್ಡು ತೆಗೆಯುವ ದ್ರಾವಕಗಳು ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಘಟಕಗಳು ದಶಕಗಳಿಂದ ಒತ್ತಾಗಿ ಕೂತಿವೆ, ಅಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಕಾರ್ಖಾನೆ 1990ರ ದಶಕದಲ್ಲಿ ಬಾಗಿಲು ಹಾಕಿದಾಗ ಎರಡು ಲಕ್ಷ ಟನ್ನಿಗೂ ಮಿಕ್ಕ ಕ್ರೋಮಿಯಂ ತ್ಯಾಜ್ಯ ಹಿಂದೆಯೇ ಉಳಿಯಿತು.

ಸತ್ತ ಘಟಕದೊಳಗೆ ಕಾಲಿಟ್ಟ ಪರಿಣತರು ಮೊದಲು ನೆಲ ನೋಡುತ್ತಾರೆ. ತೊಟ್ಟಿಗಳಿದ್ದ ಕಡೆ ಸಿಮೆಂಟು ತಿಂದುಹೋಗಿರುತ್ತದೆ. ಆಮ್ಲ ಸೋರಿದ್ದಕ್ಕೆ ಅದೇ ಸಾಕ್ಷಿ. ಗೋಡೆಯ ಬುಡದಲ್ಲಿ ಹಳದಿ ಹೂಬಿಟ್ಟಂಥ ಲವಣವಿದ್ದರೆ ಕ್ರೋಮೇಟಿನ ಗುಮಾನಿ, ಹಸಿರಿದ್ದರೆ ನಿಕ್ಕಲ್ ಇಲ್ಲವೆ ತಾಮ್ರದ್ದು. ಮೋರಿ ಎಲ್ಲಿ ಒಡೆದಿದೆ, ಕೆಸರು ಸುರಿದ ಹಿತ್ತಿಲ ಗುಂಡಿ ಯಾವುದು, ಇಳಿಜಾರಿನ ಮೊದಲ ಬಾವಿ ಯಾರದು ಎಂದು ಗುರುತು ಹಾಕಿ ಒಂದು ನಕ್ಷೆ ಬರೆಯುತ್ತಾರೆ. ವಿಷದ ಮೂಲ, ಅದು ಸಾಗುವ ದಾರಿ, ಅದನ್ನು ಉಣ್ಣುವ ಜೀವ ಈ ಮೂರೂ ಆ ನಕ್ಷೆಯಲ್ಲಿ ಇರಲೇಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅಪಾಯದ ಸರಪಳಿ ಕೂಡುವುದಿಲ್ಲ. ಅಗೆಯುವುದು ಆ ನಕ್ಷೆ ಕೈಗೆ ಬಂದ ಮೇಲೆ.

ಅಗೆಯುವ ರೀತಿ ಹೊಲದ ಮಾದರಿಗೆ ಪೂರ್ತಿ ವಿರುದ್ಧ. ರೈತ ಹತ್ತು ಗುಂಡಿಯ ಮಣ್ಣು ಬೆರೆಸುತ್ತಾನೆ, ಯಾಕೆಂದರೆ ಅವನಿಗೆ ಇಡೀ ಹೊಲದ ಸರಾಸರಿ ಬೇಕು. ವಿಷದ ಜಾಗದಲ್ಲಿ ಬೆರೆಸಿದರೆ ಸುದ್ದಿಯೇ ಮುಚ್ಚಿಹೋಗುತ್ತದೆ. ಒಂಬತ್ತು ಶುದ್ಧ ಗುಂಡಿಗಳ ನಡುವೆ 3000 ಮಿಲಿಗ್ರಾಮಿನ ಒಂದು ಗುಂಡಿ ಇದ್ದರೆ, ಬೆರೆಸಿದ ಚೀಲ ಸುಮಾರು 300 ತೋರಿಸುತ್ತದೆ. ಆ ಒಂದು ಗುಂಡಿ ಅಂಗನವಾಡಿಯ ಅಂಗಳವಾಗಿದ್ದರೆ? ಹಾಗಾಗಿ ಪ್ರತಿ ಚುಕ್ಕೆಯ ಮಣ್ಣು ಬೇರೆ ಚೀಲದಲ್ಲಿ, ಪ್ರತಿ ಆಳದ್ದೂ ಬೇರೆ ಚೀಲದಲ್ಲಿ ಇರಬೇಕು. ಕೆಲವು ಚುಕ್ಕೆಗಳನ್ನು ಗುಮಾನಿಯ ಮೇಲೆ ಆರಿಸುತ್ತಾರೆ, ಉಳಿದವನ್ನು ಚೌಕುಳಿ ಎಳೆದು ಗುಮಾನಿಯ ಹಂಗಿಲ್ಲದೆ ಆರಿಸುತ್ತಾರೆ. ಒಂದೇ ಜಾಗದ ಜೋಡಿ ಮಾದರಿಯನ್ನು ಬೇರೆ ಹೆಸರಿನಲ್ಲಿ ಕಳಿಸಿ ಪ್ರಯೋಗಾಲಯವನ್ನೂ ಪರೀಕ್ಷಿಸುತ್ತಾರೆ.

ಆಳದ ಮಾದರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕಾರಣ ಸುರಪುರದ ಪ್ರಶ್ನೆಯಲ್ಲೇ ಇದೆ. ಅಲ್ಲಿಯ ಆರ್ಸೆನಿಕ್ ಬಂಡೆಯದೋ ಗಣಿಯದೋ? ಹಸಿರುಶಿಲೆಯಲ್ಲಿ ಚಿನ್ನದ ಜೊತೆಗೇ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ, ಅದು ಕಬ್ಬಿಣ, ಆರ್ಸೆನಿಕ್, ಗಂಧಕ ಕೂಡಿದ್ದು. ಭೂಮಿಯೊಳಗೆ ಗಾಳಿ ತಾಗದೆ ಇರುವ ತನಕ ಅದು ತೆಪ್ಪಗಿರುತ್ತದೆ. ಚಿನ್ನಕ್ಕಾಗಿ ಅದಿರನ್ನು ಹಿಟ್ಟಿನಂತೆ ಅರೆದು, ಚಿನ್ನ ತೆಗೆದು, ಉಳಿದ ಪುಡಿಯನ್ನು ಬಯಲಿಗೆ ಸುರಿದಾಗ ಗಾಳಿಯೂ ಮಳೆಯೂ ಅದರ ಕಣಕಣಕ್ಕೆ ತಾಗುತ್ತವೆ. ಗಂಧಕ ಆಮ್ಲವಾಗುತ್ತದೆ, ಆರ್ಸೆನಿಕ್ ಆರ್ಸೆನೇಟ್ ಆಗಿ ಬಿಡುಗಡೆಯಾಗುತ್ತದೆ. ಗಣಿಯ ಪುಡಿ ಹಾರಿ ಬಂದು, ಹರಿದು ಬಂದು ಕೂತದ್ದಾದರೆ ಮೇಲಿನ ಪದರದಲ್ಲಿ ಅಂಕಿ ಎತ್ತರವಿದ್ದು ಕೆಳಗೆ ಒಮ್ಮೆಲೇ ಕುಸಿಯಬೇಕು. ಬಂಡೆಯೇ ಕರಗಿ ಮಣ್ಣಾದದ್ದಾದರೆ ಆಳಕ್ಕೆ ಇಳಿದಷ್ಟೂ ಅಂಕಿ ಉಳಿಯಬೇಕು ಇಲ್ಲವೆ ಏರಬೇಕು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಸರಿಯಾಗಿ ಅರ್ಧ ಮಾತ್ರ 2000 ದಾಟಿದ್ದು, ಇನ್ನರ್ಧ ದಾಟದೆ ಉಳಿದದ್ದು, ಗಣಿಯ ಪುಡಿಯತ್ತ ಬೆರಳು ತೋರುತ್ತದೆ. ಸಂಶೋಧಕರೂ ಅದನ್ನು ಸಾಧ್ಯತೆ ಎಂದೇ ಬರೆದು, ನೆಲದ್ದೆಷ್ಟು ಮನುಷ್ಯರದ್ದೆಷ್ಟು ಎಂದು ಅಳೆಯಲು ಮತ್ತೆ ಅಧ್ಯಯನ ಬೇಕೆಂದರು. ಆ ಸಂಯಮ ಸರಿಯಾದದ್ದು. ಹಾಗೆಂದು ಮುಂದಿನ ಕೆಲಸ ಮಾಡದಿರುವುದಕ್ಕೆ ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಈ ಭಾಗದಲ್ಲಿ ಹಿನ್ನೆಲೆಯ ಮಾದರಿ, ಅಂದರೆ ಲೋಹದ ಕೆಲಸ ತಾಗದ ಜಾಗದ ಮಣ್ಣು, ತಪ್ಪದೆ ಬೇಕು ಎಂಬುದಕ್ಕೆ ಒಂದು ಕಾರಣವಿದೆ. ಶಹಾಪುರದ ಪಕ್ಕದ ಗೋಗಿಯ ನೆಲದಡಿ ಯುರೇನಿಯಂ ನಿಕ್ಷೇಪವೇ ಇದೆ. ಇಲ್ಲಿಯ ನೆಲ ಮನುಷ್ಯ ಮುಟ್ಟುವ ಮೊದಲೂ ಬರಿ ಹಾಳೆಯಲ್ಲ. ಹಳೆಯ ಘಟಕದ ಮಣ್ಣಿನಲ್ಲಿ ಸಿಕ್ಕ ಅಂಕಿಯನ್ನು, ಅದೇ ಬಗೆಯ ಆದರೆ ಘಟಕದ ನೆರಳು ಬೀಳದ ಮಣ್ಣಿನ ಅಂಕಿಯ ಪಕ್ಕದಲ್ಲಿ ಇಟ್ಟು ನೋಡದೆ ಯಾರನ್ನೂ ದೂರುವಂತಿಲ್ಲ, ಯಾರನ್ನೂ ಬಿಟ್ಟುಬಿಡುವಂತೆಯೂ ಇಲ್ಲ.

ಈಗ ಎರೆಮಣ್ಣಿಗೆ ಬರೋಣ. ಕೃಷ್ಣಾ ಭೀಮಾ ನಡುವಿನ ಈ ಕಪ್ಪು ನೆಲ ಲೋಹಗಳೊಂದಿಗೆ ನಡೆದುಕೊಳ್ಳುವ ರೀತಿಯೇ ವಿಶೇಷ. ಅದರ ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಸೀಸ, ತಾಮ್ರ, ನಿಕ್ಕಲ್, ಸತು ನೀರಿನಲ್ಲಿ ಕರಗಿದಾಗ ಧನ ಅಂಶ ಹೊತ್ತಿರುತ್ತವೆ, ಬಂದು ಅಂಟಿಕೊಳ್ಳುತ್ತವೆ. ಮೇಲಾಗಿ ಈ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಮೇಲೆ, ಸುಣ್ಣದ ಹರಳೂ ಉಂಟು. ಅಂಥ ಕಡೆ ಈ ಲೋಹಗಳು ಕರಗದ ರೂಪಕ್ಕೆ ತಿರುಗುತ್ತವೆ. ಎರೆ ಹೊಲದಲ್ಲಿ ಸತು ಇದ್ದೂ ಬೆಳೆಗೆ ಸಿಗದು, ಅದಕ್ಕೇ ಭತ್ತಕ್ಕೆ ಸತುವಿನ ಸಲ್ಫೇಟು ಹಾಕಬೇಕಾಗುತ್ತದೆ ಎಂದು ರೈತರಿಗೆ ಗೊತ್ತು. ಅದೇ ಗುಣ ನಿಕ್ಕಲ್ ಸೋರಿದಾಗ ನಮ್ಮ ರಕ್ಷಣೆಗೆ ಬರುತ್ತದೆ.

ಆರ್ಸೆನೇಟ್, ಕ್ರೋಮೇಟ್ ಹಾಗಲ್ಲ. ಅವು ತಾವೇ ಋಣ ಅಂಶ ಹೊತ್ತಿರುವುದರಿಂದ ಜೇಡಿ ಅವನ್ನು ಹಿಡಿಯದೆ ದೂಡುತ್ತದೆ. ಕ್ಷಾರ ಹೆಚ್ಚಿದಷ್ಟೂ ಅವು ಸಲೀಸಾಗಿ ಚಲಿಸುತ್ತವೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಅಗಲ ಬಾಯ್ತೆರೆಯುವ ಬಿರುಕುಗಳು ಬೇರೆ. ಮೊದಲ ಮಳೆಯ ನೀರು ಮೇಲಿನ ಮಣ್ಣಿನಲ್ಲಿ ಇಂಗದೆ ಆ ಬಿರುಕಿನಲ್ಲಿ ನೆಟ್ಟಗೆ ಆಳಕ್ಕಿಳಿಯುತ್ತದೆ. ಆರಿಂಚಿನ ಗುಂಡಿ ತೋಡಿ ಏನೂ ಇಲ್ಲ ಎಂದು ಬರೆದ ವರದಿ ಎರೆಮಣ್ಣಿನಲ್ಲಿ ನಂಬಿಕೆಗೆ ಅರ್ಹವಲ್ಲ.

ಕ್ರೋಮಿಯಮ್ಮಿನ ವಿಷಯದಲ್ಲಿ ಒಟ್ಟು ಎಷ್ಟಿದೆ ಎಂಬ ಅಂಕಿಗಿಂತ ಅದು ಯಾವ ರೂಪದಲ್ಲಿದೆ ಎಂಬುದೇ ದೊಡ್ಡದು. ಮೂರು ವೇಲೆನ್ಸಿಯ ಕ್ರೋಮಿಯಂ ಕಲ್ಲಿನಂತೆ ಕೂತಿರುತ್ತದೆ, ದೇಹ ಅದನ್ನು ಹೀರಿಕೊಳ್ಳುವುದೂ ಕಡಿಮೆ. ಆರು ವೇಲೆನ್ಸಿಯದು ನೀರಿನೊಡನೆ ಓಡುತ್ತದೆ, ಜೀವಕೋಶದೊಳಗೆ ನುಗ್ಗುತ್ತದೆ. ಅದರ ಧೂಳು, ಆವಿ ಸೇವಿಸಿದ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂಬುದು ಸಾಬೀತಾದ ಮಾತು. ಸಗಣಿ ಗೊಬ್ಬರದಂಥ ಸಾವಯವ ವಸ್ತು ಆರನ್ನು ಮೂರಕ್ಕೆ ಇಳಿಸುತ್ತದೆ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡು ಮೂರನ್ನು ಮತ್ತೆ ಆರಕ್ಕೆ ಏರಿಸಲೂ ಬಲ್ಲದು. ಪ್ರಯೋಗಾಲಯದಲ್ಲಿ ಮಣ್ಣನ್ನು ಬಲವಾದ ಆಮ್ಲದಲ್ಲಿ ಕುದಿಸಿದರೆ ಈ ಎರಡರ ಭೇದ ಅಳಿಸಿಹೋಗುತ್ತದೆ. ಹಾಗಾಗಿ ಆರು ವೇಲೆನ್ಸಿಯದನ್ನು ಕ್ಷಾರದಲ್ಲಿ ಬೇರೆಯಾಗಿಯೇ ತೆಗೆಯಬೇಕು. ಆ ದ್ರಾವಣಕ್ಕೆ ಆಮ್ಲ ಸೇರಿಸಿ ಡೈಫಿನೈಲ್ ಕಾರ್ಬಜೈಡ್ ಬೆರೆಸಿದಾಗ ನೇರಳೆ ಬಣ್ಣ ಬಂದರೆ ಅದು ಇದೆ ಎಂದರ್ಥ. ಕಾಲೇಜಿನ ಪ್ರಯೋಗಶಾಲೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಗಳೂ ಈಗ ಬಂದಿವೆ. ಮಣ್ಣಿಗೆ ಒತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ಲೋಹಗಳ ಪಟ್ಟಿ ಕೊಡುತ್ತವೆ. ಒಂದೇ ದಿನದಲ್ಲಿ ಇಡೀ ಊರನ್ನು ಜಾಲಾಡಬಹುದು. ಮಿತಿಯೂ ಇದೆ. ಆರ್ಸೆನಿಕ್ಕಿನ ಮುಖ್ಯ ಗುರುತುರೇಖೆ 10.54 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿದೆ, ಸೀಸದ್ದು 10.55ರಲ್ಲಿ. ಸೀಸ ತುಂಬಿದ ಮಣ್ಣಿನಲ್ಲಿ ಯಂತ್ರ ಆರ್ಸೆನಿಕ್ಕನ್ನು ತಪ್ಪಾಗಿ ಹೇಳಬಹುದು. ಅದು ತೋರಿದ ಜಾಗದ ಮಣ್ಣನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಅಂಕಿ ಬಂತು ಅನ್ನೋಣ. ಅದು ಹೆಚ್ಚೋ ಕಡಿಮೆಯೋ? ಕೆನಡಾದ ಮಾರ್ಗಸೂಚಿ ಮಣ್ಣಿನ ಆರ್ಸೆನಿಕ್ಕಿಗೆ ಕಿಲೋಗೆ 12 ಮಿಲಿಗ್ರಾಂ ಎನ್ನುತ್ತದೆ. ನೆದರ್ಲೆಂಡ್ಸ್ 76ಕ್ಕೆ ಕ್ರಮ ಕೈಗೊಳ್ಳುವ ಮಟ್ಟ ಇಟ್ಟಿದೆ. 1980ರಲ್ಲಿ ಅಲ್ಲಿಯ ಲೆಕ್ಕರ್‌ಕೆರ್ಕ್ ಎಂಬ ಊರಿನಲ್ಲಿ, ರಾಸಾಯನಿಕ ಪೀಪಾಯಿ ಹೂತ ನೆಲದ ಮೇಲೆ ಮನೆ ಕಟ್ಟಿದ್ದು ಬಯಲಾಗಿ ಜನರನ್ನು ಎಬ್ಬಿಸಬೇಕಾಯಿತು. ಮೂರೇ ವರ್ಷದಲ್ಲಿ ಆ ದೇಶ ಮಣ್ಣಿಗೊಂದು ಕಾನೂನು ಮಾಡಿತು. ಎರಡು ದೇಶಗಳ ಅಂಕಿ ಹೀಗೆ ಬೇರೆಯಾಗಲು ಕಾರಣ, ಒಂದು ಎಲ್ಲಿ ಎಚ್ಚರವಾಗಬೇಕು ಎಂದು ಕೇಳುತ್ತದೆ, ಇನ್ನೊಂದು ಎಲ್ಲಿ ಕೈಹಾಕಲೇಬೇಕು ಎಂದು ಕೇಳುತ್ತದೆ. 2000 ಮಾತ್ರ ಯಾವ ಲೆಕ್ಕದಲ್ಲೂ ಪಾರಾಗುವ ಅಂಕಿಯಲ್ಲ.

ಆ 2000ವನ್ನು ಒಂದು ಮಗುವಿನ ಲೆಕ್ಕಕ್ಕೆ ಇಳಿಸಿ ನೋಡೋಣ. ನೆಲದಲ್ಲಿ ಆಡುವ ಮಗು ಕೈ ಬಾಯಿಗೆ ಹಾಕಿಕೊಂಡು ದಿನಕ್ಕೆ 200 ಮಿಲಿಗ್ರಾಂ ಮಣ್ಣು ನುಂಗುತ್ತದೆಂದು ಅಪಾಯ ಲೆಕ್ಕಹಾಕುವವರು ಬಹುಕಾಲ ಹಿಡಿದುಕೊಂಡು ಬಂದಿದ್ದಾರೆ. ಅದು ಒಂದು ಚಿಟಿಕೆಗೂ ಕಡಿಮೆ. ಕಿಲೋಗೆ 2000 ಮಿಲಿಗ್ರಾಂ ಇರುವ ಮಣ್ಣಾದರೆ ಆ ಚಿಟಿಕೆಯಲ್ಲಿ 400 ಮೈಕ್ರೋಗ್ರಾಂ ಆರ್ಸೆನಿಕ್ ಇರುತ್ತದೆ. ಅತಿ ಕೆಟ್ಟ ಆ ಬಾವಿಯ ಒಂದು ಲೀಟರ್ ನೀರಿನಲ್ಲಿದ್ದದ್ದು 303. ಖನಿಜದೊಳಗೆ ಸಿಕ್ಕಿಕೊಂಡ ಆರ್ಸೆನಿಕ್ ಪೂರ್ತಿ ಹೊಟ್ಟೆಯಲ್ಲಿ ಬಿಡುಗಡೆಯಾಗುವುದಿಲ್ಲ ನಿಜ. ಕಾಲುಭಾಗ ಮಾತ್ರ ಬಿಡುಗಡೆಯಾಯಿತು ಎಂದುಕೊಂಡರೂ 100 ಮೈಕ್ರೋಗ್ರಾಂ ಆಯಿತು. ಮಿತಿಯ ಅಂಚಿನಲ್ಲಿರುವ 10 ಲೀಟರ್ ನೀರು ಕುಡಿದಷ್ಟು. ಬೋರಿಗೆ ಕೆಂಪು ಬಣ್ಣ ಬಳಿದು, ಶುದ್ಧ ನೀರಿನ ಘಟಕ ಹಾಕಿದರೆ ಕೆಲಸ ಮುಗಿಯಿತು ಎನ್ನುವವರಿಗೆ ಈ ಲೆಕ್ಕ ಕಾಣಬೇಕು. ನೀರಿನ ದಾರಿ ಮುಚ್ಚಿದ ಮೇಲೂ ಅಂಗಳದ ದಾರಿ ತೆರೆದೇ ಇರುತ್ತದೆ. ಮಣ್ಣು ನುಂಗುವುದರಿಂದಲೂ ಗಣನೀಯ ಪ್ರಮಾಣ ಒಳಹೋಗಿರಬಹುದು ಎಂದು 2013ರ ಅಧ್ಯಯನವೂ ಎಚ್ಚರಿಸಿತ್ತು.

ಆರ್ಸೆನಿಕ್ ಇರುವ ನೆಲದಲ್ಲಿ ಬೇಸಾಯದ ದಾರಿಯನ್ನೂ ನೋಡಲೇಬೇಕು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ, ವಡಗೇರಾ ಕಡೆಯ ಜೋಳದ ಹೊಲಗಳು ಎಷ್ಟೋ ಭತ್ತದ ಗದ್ದೆಗಳಾದವು. ಗಾಳಿಯಾಡುವ ಮಣ್ಣಿನಲ್ಲಿ ಆರ್ಸೆನೇಟನ್ನು ಕಬ್ಬಿಣದ ಆಕ್ಸೈಡು ಹಿಡಿದಿಟ್ಟಿರುತ್ತದೆ. ತಿಂಗಳುಗಟ್ಟಲೆ ನೀರು ನಿಲ್ಲಿಸಿದಾಗ ಆಮ್ಲಜನಕ ತೀರುತ್ತದೆ, ಕಬ್ಬಿಣ ಕರಗುತ್ತದೆ, ಹಿಡಿದಿಟ್ಟದ್ದೆಲ್ಲ ಬೇರಿನ ಬಳಿ ಬಿಡುಗಡೆಯಾಗುತ್ತದೆ. ಭತ್ತದ ಬೇರು ಸಿಲಿಕಾ ಹೀರುವ ದಾರಿಯಲ್ಲೇ ಅದನ್ನೂ ಒಳಗೆಳೆದುಕೊಳ್ಳುತ್ತದೆ. ಎಲ್ಲಿ ಗಣಿಯ ಪುಡಿ ಹರಡಿದೆಯೋ ಅಲ್ಲಿ ಭತ್ತಕ್ಕಿಂತ ತೊಗರಿ, ಜೋಳ, ಹತ್ತಿ ಕ್ಷೇಮ ಎಂಬುದು ರಸಾಯನಶಾಸ್ತ್ರ ಕೊಡುವ ಸಲಹೆ. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೇ ಸೀಮೆಯಲ್ಲಿವೆ. ಅಂಥ ಜಾಗಗಳ ಗದ್ದೆ ಗದ್ದೆಯ ಮಣ್ಣು, ಅಕ್ಕಿ ಎರಡನ್ನೂ ಅಳೆದು ರೈತರಿಗೆ ಹೇಳಲು ಅವಕ್ಕಿಂತ ಹತ್ತಿರದವರು ಯಾರಿದ್ದಾರೆ?

ಕಲುಷಿತ ಜಾಗಗಳಿಗೆ ಭಾರತದಲ್ಲಿ ಬಹಳ ಕಾಲ ಪ್ರತ್ಯೇಕ ನಿಯಮಗಳೇ ಇರಲಿಲ್ಲ. 2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅವನ್ನು ತಂದಿತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ತಾನಾಗಿಯೇ ಇಲ್ಲವೆ ಜನರ ದೂರಿನ ಮೇಲೆ ಗುಮಾನಿಯ ಜಾಗಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲ ಹಂತದ ಪರಿಶೀಲನೆಯನ್ನು 90 ದಿನಗಳಲ್ಲಿ ಮುಗಿಸಬೇಕು. ಕೆಡಿಸಿದವರೇ ಖರ್ಚು ಕೊಡಬೇಕು. ಒಳ್ಳೆಯ ನಿಯಮಗಳು. ಆದರೆ ಗಣಿಗಾರಿಕೆಯಿಂದ ಆದ ಮಾಲಿನ್ಯವನ್ನು ಅವು ಸಾಮಾನ್ಯವಾಗಿ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಲೇಪನದ ಘಟಕ ಒಳಗೆ ಬರುತ್ತದೆ, ಗಣಿಯ ಪುಡಿ ಬಿದ್ದ ತಾಂಡಾ ಹೊರಗೆ ಉಳಿಯುವ ಅಪಾಯವಿದೆ. ಇದು ತಿದ್ದಲೇಬೇಕಾದ ಲೋಪ. ಆರ್ಸೆನಿಕ್ ಯಾವ ಇಲಾಖೆಯ ನೆಲದಿಂದ ಬಂತೆಂದು ಮಗುವಿನ ಮೈ ವಿಚಾರಿಸುವುದಿಲ್ಲ.

ಹೊಸ ಕಾರ್ಖಾನೆಗಳ ಕಥೆಗೂ ಇಲ್ಲಿಂದ ಒಂದು ದಾರಿ ಇದೆ. ಯಾದಗಿರಿ ತಾಲ್ಲೂಕಿನ ಕಡೇಚೂರು, ಬಾಡಿಯಾಳ ಕಡೆ ದೊಡ್ಡ ಕೈಗಾರಿಕಾ ಪ್ರದೇಶ ಎದ್ದಿದೆ. ಮುಂದೆ ಇನ್ನೂ ಬರುತ್ತವೆ, ಸಣ್ಣಪುಟ್ಟ ಲೇಪನದ ಘಟಕಗಳು ತಾಲ್ಲೂಕು ಊರುಗಳಿಗೂ ಬರುತ್ತವೆ. ಕಟ್ಟಡ ಏಳುವ ಮೊದಲೇ ಆ ನೆಲದ, ಸುತ್ತಲ ಹೊಲದ, ಬಾವಿಯ ಮಾದರಿ ತೆಗೆದು ಅಂಕಿಗಳನ್ನು ಗ್ರಾಮ ಪಂಚಾಯಿತಿಯ ದಫ್ತರದಲ್ಲಿ ಇಟ್ಟುಬಿಟ್ಟರೆ, ಮೂವತ್ತು ವರ್ಷದ ನಂತರ ನೆಲದ್ದೋ ಕಾರ್ಖಾನೆಯದೋ ಎಂಬ ಜಗಳವೇ ಏಳದು.

ನಿಮ್ಮ ಊರಿನಲ್ಲಿ ಲೋಹದ ಕೆಲಸ ನಡೆದು ನಿಂತುಹೋದ ಜಾಗಗಳಿದ್ದರೆ, ಅಲ್ಲಿ ದುಡಿದವರು ಇರುವಾಗಲೇ ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳಿ. ತೊಟ್ಟಿ ಎಲ್ಲಿತ್ತು, ಕೆಸರು ಎಲ್ಲಿ ಸುರಿದರು, ಹತ್ತಿರದ ಬಾವಿ ಯಾವುದು ಎಂದು ಒಂದು ಹಾಳೆಯಲ್ಲಿ ನಕ್ಷೆ ಬಿಡಿಸಿ. ಗ್ರಾಮ ಪಂಚಾಯಿತಿಗೆ, ಜಿಲ್ಲಾಧಿಕಾರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಪ್ರತಿ ಕೊಟ್ಟು, ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ. ಉತ್ತರ ಬರುವ ತನಕ ಮಕ್ಕಳನ್ನು ಆ ಮಣ್ಣಿನಲ್ಲಿ ಆಡಲು ಬಿಡಬೇಡಿ, ಮನೆ ಕಟ್ಟಲು ಅಲ್ಲಿಂದ ಮರಳು, ಮಣ್ಣು ತರಬೇಡಿ, ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ.